ಒಂದು ಅಗುಳು ಹಿಸುಕಿದರೆ 435 ಮಡಕೆಗಳ ಸುದ್ದಿ ತಿಳಿಯುತ್ತದೆಯೇ?

ಪ್ರಶ್ನೆ: ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ 2025ರ ಡಿಸೆಂಬರ್‌ನಲ್ಲಿ ನಡೆದ ಉಪಚುನಾವಣೆಯನ್ನು ಟ್ರಂಪ್ ಅವರ ರಿಪಬ್ಲಿಕನ್ ಪಕ್ಷವೇ ಗೆದ್ದಿತು. ಆದರೂ ಅದು ಆ ಪಕ್ಷಕ್ಕೆ ಕೆಟ್ಟ ಸುದ್ದಿ ಎಂಬ ವಿಶ್ಲೇಷಣೆಗಳು ಬಂದವು. ಗೆದ್ದವರಿಗೆ ಕೆಟ್ಟ ಸುದ್ದಿ ಹೇಗಾಗುತ್ತದೆ? ಇಂಥ ಒಂದು ಫಲಿತಾಂಶದಿಂದ 2026ರ ನವೆಂಬರ್ ಚುನಾವಣೆಯ ಗತಿಯನ್ನು ಊಹಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಒಂದೇ ಫಲಿತಾಂಶದಿಂದ ಊಹಿಸಲಾಗದು. ಆದರೆ ‘ಗೆದ್ದರೂ ಕೆಟ್ಟ ಸುದ್ದಿ’ ಎಂದವರ ಲೆಕ್ಕ ಹುರುಳಿಲ್ಲದ್ದೇನೂ ಅಲ್ಲ.

ಮೊದಲು ಒಂದು ಪದದ ಗೊಂದಲ ಕಳೆಯೋಣ. ನಮ್ಮಲ್ಲಿ ಮಧ್ಯಂತರ ಚುನಾವಣೆ ಎಂದರೆ ಸರ್ಕಾರ ಬಿದ್ದು, ಸದನ ವಿಸರ್ಜನೆಯಾಗಿ, ಅವಧಿಗೆ ಮುನ್ನವೇ ಮತಗಟ್ಟೆಗೆ ಹೋಗುವುದು. ಅಮೆರಿಕದ್ದು ಮಧ್ಯಾವಧಿ ಚುನಾವಣೆ. ಅಲ್ಲಿ ಏನೂ ಬೀಳಬೇಕಾಗಿಲ್ಲ. ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ, ಪಂಚಾಂಗ ನೋಡಿ ಇಟ್ಟಂತೆ, ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ ಮೇಲ್ಮನೆಯಾದ ಸೆನೆಟ್‌ನ ಮೂರನೇ ಒಂದು ಭಾಗಕ್ಕೂ ಮತದಾನ ನಡೆಯುತ್ತದೆ. ನಡುವೆ ಪ್ರತಿನಿಧಿ ಸಭೆಯ ಸದಸ್ಯರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಆ ಜಾಗಕ್ಕೆ ಯಾರನ್ನೂ ನೇಮಿಸುವಂತಿಲ್ಲ. ಚುನಾವಣೆಯನ್ನೇ ನಡೆಸಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. ಅದನ್ನು ಅವರು ವಿಶೇಷ ಚುನಾವಣೆ ಎನ್ನುತ್ತಾರೆ. ನಮಗದು ಉಪಚುನಾವಣೆ.

ಈಗ ಟೆನ್ನೆಸ್ಸಿಯ 7ನೇ ಕ್ಷೇತ್ರಕ್ಕೆ ಬರೋಣ. 2024ರಲ್ಲಿ ಟ್ರಂಪ್ ಅಲ್ಲಿ ಸುಮಾರು 22 ಶೇಕಡಾ ಅಂಶಗಳಿಂದ ಮುಂದಿದ್ದರು. ಡಿಸೆಂಬರ್ 2ರಂದು ಅವರದೇ ಪಕ್ಷದ ಮ್ಯಾಟ್ ವ್ಯಾನ್ ಎಪ್ಸ್ ಗೆದ್ದ ಅಂತರ ಸುಮಾರು 9. ಒಂದೇ ವರ್ಷದಲ್ಲಿ 13 ಅಂಶ ಕರಗಿತ್ತು. ವಿಶ್ಲೇಷಕರು ನೋಡಿದ್ದು ಯಾರ ಕೊರಳಿಗೆ ಹಾರ ಬಿತ್ತು ಎಂಬುದನ್ನಲ್ಲ, ಈ ಕರಗಿದ ಭಾಗವನ್ನು. 22 ಅಂಶಗಳ ಕೋಟೆಯಲ್ಲೇ ಹೀಗಾದರೆ, ಐದು ಅಂಶಗಳ ಅಂತರದಲ್ಲಿ ಗೆದ್ದು ಕುಳಿತವರ ಪಾಡೇನು ಎಂಬುದು ಅವರ ತರ್ಕ.

ತರ್ಕ ಚೆನ್ನಾಗಿದೆ. ಆದರೆ ಯಾವ ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಇಡಬೇಕು ಎಂಬಲ್ಲಿಯೇ ಅದು ಜಾರತೊಡಗುತ್ತದೆ. 2017ರ ಜೂನ್‌ನಲ್ಲಿ ಜಾರ್ಜಿಯಾದ 6ನೇ ಕ್ಷೇತ್ರದಲ್ಲಿ, ಅಂದರೆ ಅಟ್ಲಾಂಟಾದ ಉತ್ತರದ ಹೊರವಲಯದಲ್ಲಿ, ಉಪಚುನಾವಣೆ ನಡೆಯಿತು. ಅಲ್ಲಿನ ಸದಸ್ಯ ಟಾಮ್ ಪ್ರೈಸ್ ಟ್ರಂಪ್ ಸಂಪುಟ ಸೇರಿದ್ದರಿಂದ ಸ್ಥಾನ ತೆರವಾಗಿತ್ತು. ಡೆಮಾಕ್ರಟಿಕ್ ಪಕ್ಷದಿಂದ ಮೂವತ್ತರ ಹರೆಯದ ಜಾನ್ ಆಸಫ್, ಎದುರಿಗೆ ಕ್ಯಾರೆನ್ ಹ್ಯಾಂಡಲ್. ಎರಡೂ ಕಡೆ ಸೇರಿ ಖರ್ಚಾದದ್ದು 5 ಕೋಟಿ ಡಾಲರ್‌ಗೂ ಹೆಚ್ಚು. ಪ್ರತಿನಿಧಿ ಸಭೆಯ ಒಂದು ಸ್ಥಾನಕ್ಕೆ ಅಲ್ಲಿಯವರೆಗೆ ಯಾರೂ ಅಷ್ಟು ಹಣ ಸುರಿದಿರಲಿಲ್ಲ. ಕೊನೆಗೆ ಹ್ಯಾಂಡಲ್ 3.6 ಅಂಶಗಳಿಂದ ಗೆದ್ದರು.

ಇದನ್ನು ಹೇಗೆ ಓದುತ್ತೀರಿ? ಹಿಂದಿನ ವರ್ಷ ಪ್ರೈಸ್ ಅಲ್ಲಿ 23 ಅಂಶಗಳಿಂದ ಗೆದ್ದಿದ್ದರು. ಅದಕ್ಕೆ ಹೋಲಿಸಿದರೆ ಡೆಮಾಕ್ರಟರದು ಭಾರೀ ಜಿಗಿತ. ಆದರೆ ಅದೇ ದಿನ, ಅದೇ ಮತದಾರರ ನಡುವೆ, ಅಧ್ಯಕ್ಷ ಸ್ಥಾನದ ಸ್ಪರ್ಧೆಯಲ್ಲಿ ಟ್ರಂಪ್ ಅವರು ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅವರಿಗಿಂತ ಮುಂದಿದ್ದದ್ದು ಕೇವಲ ಒಂದೂವರೆ ಅಂಶ. ಅದನ್ನು ಅಳತೆಗೋಲಾಗಿಸಿದರೆ ಡೆಮಾಕ್ರಟರು ಎರಡು ಅಂಶ ಹಿಂದಕ್ಕೇ ಹೋದಂತಾಯಿತು! ಸೋಲು ಸೋಲೇ, ಟ್ರಂಪ್ ವಿರೋಧಿ ಅಲೆ ಎಂಬುದೆಲ್ಲ ಟಿ.ವಿ. ಸ್ಟುಡಿಯೋಗಳಲ್ಲಿ ಮಾತ್ರ ಎಂದು ಆಗ ಷರಾ ಬರೆದವರು ಬಹಳ ಮಂದಿ. ಹದಿನೇಳು ತಿಂಗಳ ಬಳಿಕ, 2018ರ ಮಧ್ಯಾವಧಿಯಲ್ಲಿ, ಡೆಮಾಕ್ರಟರು 40 ಸ್ಥಾನಗಳನ್ನು ಹೆಚ್ಚಿಸಿಕೊಂಡು ಪ್ರತಿನಿಧಿ ಸಭೆಯನ್ನು ಗೆದ್ದರು. ಹ್ಯಾಂಡಲ್ ಕೂಡ ಲೂಸಿ ಮೆಕ್‌ಬಾತ್ ಎದುರು ಸೋತರು.

ಇದರ ತದ್ವಿರುದ್ಧ ಕಥೆ ನನಗೆ ಇನ್ನೂ ಇಷ್ಟ. 2010ರ ಮೇ 18, ಪೆನ್ಸಿಲ್ವೇನಿಯಾದ 12ನೇ ಕ್ಷೇತ್ರ. ಕಲ್ಲಿದ್ದಲು, ಉಕ್ಕಿನ ನಾಡು. ದಶಕಗಳ ಕಾಲ ಅಲ್ಲಿಂದ ಆರಿಸಿ ಬರುತ್ತಿದ್ದ ಡೆಮಾಕ್ರಟಿಕ್ ನಾಯಕ ಜಾನ್ ಮರ್ತಾ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಕೇಂದ್ರದ ಹಣವನ್ನು ಊರಿಗೆ ತರುವುದರಲ್ಲಿ ಅವರದು ಎತ್ತಿದ ಕೈ. ಜಾನ್ಸ್‌ಟೌನ್‌ನ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು. ರಿಪಬ್ಲಿಕನ್ ಪಕ್ಷಕ್ಕೆ ಇದು ಕೈಗೆ ಬಂದ ತುತ್ತು ಎನಿಸಿತ್ತು, ಏಕೆಂದರೆ ಅಧ್ಯಕ್ಷೀಯ ಚುನಾವಣೆಗಳಲ್ಲಿ, 2004ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿಗೆ ಮತ ಹಾಕಿ 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಕಡೆಗೆ ಹೊರಳಿದ ಕ್ಷೇತ್ರ ಇಡೀ ದೇಶದಲ್ಲಿ ಇದೊಂದೇ. ಆದರೆ ಗೆದ್ದದ್ದು ಮರ್ತಾ ಅವರ ಕಚೇರಿಯಲ್ಲೇ ದುಡಿದಿದ್ದ ಮಾರ್ಕ್ ಕ್ರಿಟ್ಜ್, ಸುಮಾರು 8 ಅಂಶಗಳಿಂದ. ಆಗಿನ ಅಧ್ಯಕ್ಷ ಒಬಾಮಾ ಅವರ ಪಕ್ಷ ನೆಮ್ಮದಿಯ ನಿಟ್ಟುಸಿರುಬಿಟ್ಟಿತು. ಇನ್ನು ನವೆಂಬರ್‌ಗೆ ಹೆದರಬೇಕಿಲ್ಲ ಎಂಬ ಮಾತೂ ಕೇಳಿಬಂತು.

ನವೆಂಬರ್‌ನಲ್ಲಿ ಆ ಪಕ್ಷ ಕಳೆದುಕೊಂಡದ್ದು 63 ಸ್ಥಾನಗಳನ್ನು. ಪೆನ್ಸಿಲ್ವೇನಿಯಾ ಒಂದರಲ್ಲೇ ಐದು ಹೋದವು. ತಮಾಷೆಯೆಂದರೆ ಕ್ರಿಟ್ಜ್ ಮಾತ್ರ ಅಂದೂ ಸಣ್ಣ ಅಂತರದಲ್ಲಿ ಉಳಿದುಕೊಂಡರು. ಅಂದರೆ ಉಪಚುನಾವಣೆ ಆ ಕ್ಷೇತ್ರದ ಬಗ್ಗೆ ಸುಳ್ಳು ಹೇಳಿರಲಿಲ್ಲ. ಅದು ಹೇಳದೇ ಇದ್ದದ್ದನ್ನು ಕೇಳಿಸಿಕೊಂಡವರು ನಾವು. ಕ್ರಿಟ್ಜ್ ಬಂದೂಕು ಹಕ್ಕಿನ ಪರ, ಗರ್ಭಪಾತದ ವಿರೋಧಿ, ಒಬಾಮಾ ಅವರ ಆರೋಗ್ಯ ಕಾಯ್ದೆಗೆ ತಾನು ಮತ ಹಾಕುತ್ತಿರಲಿಲ್ಲ ಎಂದೂ ಸಾರಿದ್ದವರು. ಸಾಲದ್ದಕ್ಕೆ ಅಂದೇ ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟ್ ಅಭ್ಯರ್ಥಿಯ ಆಯ್ಕೆಗೂ ಬಿರುಸಿನ ಮತದಾನವಿತ್ತು. ಹಾಗಾಗಿ ಆ ಪಕ್ಷದವರು ಹೇಗೂ ಮತಗಟ್ಟೆಗೆ ಬಂದಿದ್ದರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಅದು ಒಂದೇ ಮಡಕೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಸಲ್ಲುವ ಮಾತು. ಇಲ್ಲಿರುವುದು 435 ಮಡಕೆಗಳು. ಅಳೆಯಲೇಬೇಕೆಂದರೆ ಹತ್ತಾರು ಉಪಚುನಾವಣೆಗಳಲ್ಲಿ ಹಿಂದಿನ ಫಲಿತಾಂಶದಿಂದ ಎಷ್ಟು ಸರಿದಿದೆ ಎಂಬುದರ ಸರಾಸರಿ ತೆಗೆಯಬೇಕು. ಒಬ್ಬ ಅಭ್ಯರ್ಥಿಯ ವರ್ಚಸ್ಸು, ಇನ್ನೊಬ್ಬರ ಹಗರಣ, ಒಂದೆಡೆಯ ಅನುಕಂಪದ ಮತ ಎಲ್ಲ ಅಲ್ಲಿ ಒಂದಿಷ್ಟು ತೊಳೆದುಹೋಗುತ್ತವೆ.

ಸರಾಸರಿಯೂ ಕೈಕೊಡುವುದುಂಟು. 2023–24ರ ಉಪಚುನಾವಣೆಗಳಲ್ಲಿ ಡೆಮಾಕ್ರಟರು ನಿರೀಕ್ಷೆ ಮೀರಿ ಮತ ಪಡೆದರು, ನವೆಂಬರ್‌ನಲ್ಲಿ ಟ್ರಂಪ್ ಗೆದ್ದರು. ಉಪಚುನಾವಣೆಗೆ ಬರುವವರು ಏನೇ ಆದರೂ ಮತ ಹಾಕುವ ಶ್ರದ್ಧೆಯವರು. ಇತ್ತೀಚೆಗೆ ಅಂಥವರಲ್ಲಿ ಕಾಲೇಜು ಓದಿದವರು ಹೆಚ್ಚು, ಅವರ ಒಲವು ಡೆಮಾಕ್ರಟರ ಕಡೆ. ಅಧ್ಯಕ್ಷೀಯ ಚುನಾವಣೆಗೆ ಉಳಿದವರೂ ಬರುತ್ತಾರೆ. ಮಧ್ಯಾವಧಿ ಇವೆರಡರ ನಡುವಿನದು. 2022ರ ಜೂನ್‌ನಲ್ಲಿ ಟೆಕ್ಸಾಸ್‌ನ 34ನೇ ಕ್ಷೇತ್ರವನ್ನು ರಿಪಬ್ಲಿಕನ್ ಪಕ್ಷದ ಮೈರಾ ಫ್ಲೋರೆಸ್ ಕಸಿದುಕೊಂಡಾಗ ಬಿದ್ದ ಒಟ್ಟು ಮತ ಸುಮಾರು 29 ಸಾವಿರ. ನವೆಂಬರ್‌ನಲ್ಲಿ ಅವರು ಸೋತರು. ಟೆನ್ನೆಸ್ಸಿಯಲ್ಲಿ ಬಿದ್ದದ್ದು ಸುಮಾರು 1.8 ಲಕ್ಷ, ಹೆಚ್ಚುಕಡಿಮೆ ಮಧ್ಯಾವಧಿಯಷ್ಟೇ. ಆದ್ದರಿಂದ ಆ ಫಲಿತಾಂಶಕ್ಕೆ ನಾನು ತುಸು ಹೆಚ್ಚೇ ತೂಕ ಕೊಡುತ್ತೇನೆ.

ಹಾಗೆ ನೋಡಿದರೆ ಅಧ್ಯಕ್ಷರ ಪಕ್ಷ ಮಧ್ಯಾವಧಿಯಲ್ಲಿ ಸ್ಥಾನ ಕಳೆದುಕೊಳ್ಳುತ್ತದೆ ಎನ್ನಲು ಉಪಚುನಾವಣೆಯೇ ಬೇಕಿಲ್ಲ. ಎರಡನೇ ಮಹಾಯುದ್ಧದ ಬಳಿಕ ಪ್ರತಿನಿಧಿ ಸಭೆಯ ಮಟ್ಟಿಗೆ 2022ರವರೆಗೆ ಅದು ತಪ್ಪಿದ್ದು 1998 ಮತ್ತು 2002ರಲ್ಲಿ ಮಾತ್ರ. ನಮ್ಮ ಅನುಭವ ಬೇರೆ. ಇಲ್ಲಿ ಉಪಚುನಾವಣೆ ಬಂತೆಂದರೆ ಸಚಿವರೆಲ್ಲ ಹೋಬಳಿಗೊಬ್ಬರಂತೆ ಬೀಡುಬಿಡುತ್ತಾರೆ, ಆಳುವವರೇ ಗೆಲ್ಲುವುದು ಹೆಚ್ಚು. 2018ರ ದೀಪಾವಳಿಯ ಹೊತ್ತಿಗೆ ಬಳ್ಳಾರಿ ಲೋಕಸಭಾ ಕ್ಷೇತ್ರವನ್ನು ಕಾಂಗ್ರೆಸ್‌ನ ಉಗ್ರಪ್ಪ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಾಗ ‘ದಿಕ್ಸೂಚಿ’ ಎಂಬ ಪದ ಎಲ್ಲೆಡೆ ಓಡಾಡಿತ್ತು. ಆರು ತಿಂಗಳಲ್ಲಿ ಬಳ್ಳಾರಿ ಬಿಜೆಪಿಗೆ ಮರಳಿತು. ಕಾಂಗ್ರೆಸ್–ಜೆಡಿಎಸ್ ಮೈತ್ರಿಗೆ ರಾಜ್ಯದ 28ರಲ್ಲಿ ಸಿಕ್ಕಿದ್ದು ಎರಡೇ.

ಗಡಿಗಳ ಮಾತೂ ಇದೆ. ಉಪಚುನಾವಣೆ ನಡೆಯುವುದು ಕ್ಷೇತ್ರದ ಹಳೆಯ ಗಡಿಯೊಳಗೆ, ಮಧ್ಯಾವಧಿಯ ಹೊತ್ತಿಗೆ ಗಡಿಯೇ ಬದಲಾಗಿರಬಹುದು. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2026ಕ್ಕೆಂದೇ ನಕ್ಷೆಯನ್ನು ತಿದ್ದಿ ಬರೆದುಕೊಂಡಿವೆ. 2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ 19ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ಯಾಟ್ ರಯಾನ್, ರಿಪಬ್ಲಿಕನ್ ಪಕ್ಷದ ಮಾರ್ಕ್ ಮೊಲಿನಾರೊ ಅವರನ್ನು ಸೋಲಿಸಿದರು. ನವೆಂಬರ್‌ನಲ್ಲಿ ಹೊಸ ನಕ್ಷೆ ಬಂತು. ರಯಾನ್ 18ನೇ ಕ್ಷೇತ್ರದಿಂದ ನಿಂತು ಗೆದ್ದರು, ಮೊಲಿನಾರೊ 19ರಿಂದ ನಿಂತು ಗೆದ್ದರು. ಆಗಸ್ಟ್‌ನಲ್ಲಿ ಗೆದ್ದವರೂ ಸೋತವರೂ ಒಂದೇ ಸಭೆಯಲ್ಲಿ ಹೋಗಿ ಕುಳಿತರು.