ಲಕ್ಷದ ಲೆಕ್ಕ, ತಿಂಗಳ ಮಾತ್ರೆ: ಹಿರಿಯರ ಆರೋಗ್ಯ ವಿಮೆ ಬಂದ ದಾರಿ

2024ರ ಲೋಕಸಭೆ ಚುನಾವಣೆಯಲ್ಲಿ ಧಾರವಾಡ ಕ್ಷೇತ್ರದಲ್ಲಿ ಬಿಜೆಪಿಯ ಪ್ರಲ್ಹಾದ ಜೋಶಿ ಎದುರು ಕಾಂಗ್ರೆಸ್‌ನ ವಿನೋದ ಅಸೂಟಿ ನಿಂತಿದ್ದರು. ಹಾವೇರಿ–ಗದಗದಲ್ಲಿ ಬಿಜೆಪಿಯ ಬಸವರಾಜ ಬೊಮ್ಮಾಯಿ ಎದುರು ಕಾಂಗ್ರೆಸ್‌ನ ಆನಂದಸ್ವಾಮಿ ಗಡ್ಡದೇವರಮಠ. ಅವರ ಪಕ್ಷಗಳು ಚಿಕಿತ್ಸೆ ವಿಚಾರದಲ್ಲಿ ದೊಡ್ಡ ಮಾತು ಕೊಟ್ಟಿದ್ದವು. ಬಿಜೆಪಿ ಹೇಳಿದ್ದು, 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್, ಅಂದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಕೇಂದ್ರದ ಆರೋಗ್ಯ ವಿಮೆ. ಕಾಂಗ್ರೆಸ್ ಹೇಳಿದ್ದು, ರಾಜಸ್ಥಾನದ ಮಾದರಿಯಲ್ಲಿ ಎಲ್ಲ ವಯಸ್ಸಿನವರಿಗೂ 25 ಲಕ್ಷದವರೆಗೆ ವಿಮೆ.

5 ಲಕ್ಷ ಜಾಸ್ತಿಯೋ 25 ಲಕ್ಷ ಜಾಸ್ತಿಯೋ ಅಂತ ಸುಮ್ನೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಹಿಂದಿನ ಯೋಜನೆಗಳು ಮುದುಕರನ್ನು ಹೇಗೆ ನೋಡಿಕೊಂಡವು ಅನ್ನುವುದನ್ನೂ ನೋಡಬೇಕು.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರ ಸಂಘ ಹುಟ್ಟಿತ್ತು. ಹೀಗಾಗಿ 2003ರಲ್ಲಿ ಯಶಸ್ವಿನಿ ಆರೋಗ್ಯ ವಿಮೆ ಸಹಕಾರ ಸಂಘಗಳ ಮೂಲಕ ಬಂದಾಗ ಈ ಭಾಗದ ರೈತರಿಗೆ ಆ ದಾರಿ ಹೊಸದಾಗಿರಲಿಲ್ಲ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆ ಅದು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನನ್ನ ಮಟ್ಟಿಗೆ ನಮ್ಮ ರಾಜ್ಯ ಕಂಡ ಅತ್ಯಂತ ಒಳ್ಳೆಯ ಯೋಚನೆಗಳಲ್ಲಿ ಅದೂ ಒಂದು. ಆದರೆ ಅದು ಮುಖ್ಯವಾಗಿ ಆಪರೇಷನ್‌ಗೆ ಇದ್ದ ವಿಮೆ. 75 ದಾಟಿದವರಿಗೆ ಸದಸ್ಯತ್ವವೇ ಇರಲಿಲ್ಲ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ರಾಜ್ಯದ ಉತ್ತರ ಭಾಗದಿಂದಲೇ ಶುರುವಾಯಿತು. ಹೃದಯ, ಕ್ಯಾನ್ಸರ್‌ನಂತಹ ದೊಡ್ಡ ಕಾಯಿಲೆಗಳಿಗೆ, ಬಿಪಿಎಲ್ ಮನೆಗಳಿಗೆ. ಕೇಂದ್ರದ ಸ್ಮಾರ್ಟ್ ಕಾರ್ಡ್ ಯೋಜನೆಯಲ್ಲಿ ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ಇತ್ತು. 2016ರಲ್ಲಿ ಅದೇ ಯೋಜನೆಯ ಹಿರಿಯರಿಗೆ ತಲಾ ಇನ್ನೂ 30,000 ಸೇರಿಸಿದರು. ಆಗ ಹಿರಿಯರು ಅಂದರೆ 60 ದಾಟಿದವರು.

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷ ಅದು ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ 30 ಮಾತ್ರ. ಪಿಂಚಣಿ ಇಲ್ಲದ ಸಣ್ಣ ಅಂಗಡಿಕಾರ, ಮಗ್ಗ ಬಿಟ್ಟು ಮನೆಯಲ್ಲಿ ಕುಳಿತ ನೇಕಾರ ಎಪಿಎಲ್ ಕಾರ್ಡ್ ಹಿಡಿದು ಬಂದರೆ ಉಳಿದ ಶೇ 70 ಅವರ ಕೈಯಿಂದಲೇ ಹೋಗಬೇಕು. 2024ರ ಅಕ್ಟೋಬರ್ 29ರಂದು ಕೇಂದ್ರ ಶುರು ಮಾಡಿದ 70 ದಾಟಿದವರ ಕಾರ್ಡ್‌ನಿಂದ ಹೆಚ್ಚು ಲಾಭ ಆಗಬೇಕಾದದ್ದು ಇಂಥವರಿಗೇ. ಆದಾಯದ ಮಿತಿ ತೆಗೆದದ್ದು ಸರಿಯಾದ ಹೆಜ್ಜೆ. ಆದರೆ 60ರಿಂದ 69ರವರು ಹೊರಗೆ ಉಳಿದರು. ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಅದೇ 5 ಲಕ್ಷವನ್ನು ಹಂಚಿಕೊಳ್ಳಬೇಕು.

ಇನ್ನು ಮಾತ್ರೆಯ ವಿಚಾರ. ಈ ವಿಮೆ ನಡೆಯುವುದು ಆಸ್ಪತ್ರೆಗೆ ದಾಖಲಾದರೆ. ಬಿಡುಗಡೆ ಆದ ಮೇಲೆ 15 ದಿನದ ಔಷಧಿವರೆಗೆ ಅದರ ಲೆಕ್ಕ. ಹದಿನಾರನೇ ದಿನದ ಬಿಪಿ, ಶುಗರ್ ಮಾತ್ರೆಗೆ ಕಾರ್ಡ್ ಬರುವುದಿಲ್ಲ. ರೋಣದಿಂದಲೋ ಹಾನಗಲ್ಲಿನಿಂದಲೋ ಹುಬ್ಬಳ್ಳಿಯ ಕಿಮ್ಸ್‌ಗೆ ತೋರಿಸಲು ಬರುವ ಅಜ್ಜನ ಬಸ್ ಚಾರ್ಜು, ಜೊತೆಗೆ ಬಂದ ಮಗನ ಒಂದು ದಿನದ ಕೂಲಿ ಯಾವ ಪ್ಯಾಕೇಜಿನಲ್ಲೂ ಇಲ್ಲ. ಹೃದಯದ ಆಪರೇಷನ್‌ಗೆ ಲಕ್ಷಗಟ್ಟಲೆ ಕೊಡುವ ಯೋಜನೆ, ಅದನ್ನು ತಪ್ಪಿಸಬಹುದಾದ ಮಾತ್ರೆಗೆ ಕೊಡುವುದಿಲ್ಲ. ಇದು ನನಗೆ ಒಪ್ಪಲಾಗದ ಸಂಗತಿ.

ಪ್ರಣಾಳಿಕೆಗಳಲ್ಲಿ ಇದಕ್ಕೆ ಉತ್ತರ ಇರಲೇ ಇಲ್ಲ ಅಂತಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎಲ್ಲ ಉಚಿತ ಅಂತ ಕಾಂಗ್ರೆಸ್ ಬರೆದಿತ್ತು. ಜನೌಷಧಿ ಕೇಂದ್ರಗಳನ್ನು ಹೆಚ್ಚಿಸುತ್ತೇವೆ ಅಂತ ಬಿಜೆಪಿ. 2023ರ ವಿಧಾನಸಭೆ ಚುನಾವಣೆಗೆ ಹಿರಿಯರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಮಾತನ್ನೂ ಅದು ಕೊಟ್ಟಿತ್ತು. ನನ್ನ ಪ್ರಕಾರ ಹಿರಿಯರಿಗೆ ದಿನವೂ ಬೇಕಾಗಿದ್ದು ಈ ಸಣ್ಣ ಸಾಲುಗಳೇ. ಸುದ್ದಿಯಾದದ್ದು ಮಾತ್ರ ಲಕ್ಷಗಳು.

ದುಡ್ಡಿನ ಮಾತೂ ಇದೆ, ಅಲ್ವಾ? ಆಯುಷ್ಮಾನ್ ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ತಾನು ಚಿಕಿತ್ಸೆ ಕೊಡುವ ಎಲ್ಲ ಕುಟುಂಬಗಳಿಗೂ ಕೇಂದ್ರದ ಪಾಲು ಬರುತ್ತಿಲ್ಲ ಅನ್ನುವುದು ರಾಜ್ಯದ ದೂರು. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಈ ಪ್ರಶ್ನೆಗಳನ್ನು ಇಡಬೇಕು. 70 ಅನ್ನು 60ಕ್ಕೆ ಇಳಿಸುತ್ತೀರಾ? ತಿಂಗಳ ಮಾತ್ರೆಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಪ್ಪದೆ ಕೊಡುತ್ತೀರಾ? ಅದರ ದುಡ್ಡು ಯಾವ ಬಜೆಟ್ಟಿನಿಂದ?