ಕೆಂಪು ಧೂಳಿನ ಕಥೆ ಡಿಸ್ಟೋಪಿಯಾ ಆಗುತ್ತಾ?

ಪ್ರಶ್ನೆ: ನಾನು ಸಂಡೂರು ಕಡೆಯವಳು. ಅದಿರಿನ ಲಾರಿ, ಕೆಂಪಾದ ಮರಗಳು, ಟ್ಯಾಂಕರ್ ನೀರಿಗೆ ಕಾಯುವ ಜನ, ಇಷ್ಟಿಟ್ಟುಕೊಂಡು ಒಂದು ಕಥೆ ಬರೆದಿದ್ದೇನೆ. ಇದು ಡಿಸ್ಟೋಪಿಯಾ, ಅಂದರೆ ಕೆಟ್ಟುಹೋದ ಸಮಾಜವೊಂದರ ಕಲ್ಪಿತ ಕಥೆ, ಆಗುತ್ತಾ? ಅಂಥ ಕಥೆಯಲ್ಲಿ ಏನೇನು ಇರಬೇಕು?

ಉತ್ತರ: ಧೂಳು, ಬಿಸಿಲು, ಬರ ಇಷ್ಟೇ ಇದ್ದರೆ ಆಗುವುದಿಲ್ಲ. ಅದು ಕಷ್ಟದ ಕಥೆ. ಡಿಸ್ಟೋಪಿಯಾದಲ್ಲಿ "ಇದೆಲ್ಲ ನಿಮ್ಮ ಒಳ್ಳೇದಕ್ಕೇ" ಎನ್ನುವ ಒಂದು ಆಡಳಿತ ಇರಬೇಕು. ಅದನ್ನು ನಂಬಿ ಬದುಕುವ ಜನರೂ ಇರಬೇಕು.

ರಷ್ಯಾದ ಜಾಮ್ಯಾತಿನ್ 1920ರ ಸುಮಾರಿಗೆ ಬರೆದ ‘ವಿ’ (We, ಅಂದರೆ ‘ನಾವು’) ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ನಂಬರ್ ಇದೆ. ಮನೆಗಳ ಗೋಡೆ ಗಾಜಿನದು. ಕಥೆ ಹೇಳುವವನಿಗೆ ಮೊದಮೊದಲು ಇದರ ಬಗ್ಗೆ ಹೆಮ್ಮೆ!

ಆರ್ವೆಲ್‌ನ ‘1984’ (1949) ಅಂದಕೂಡಲೇ ಎಲ್ಲರೂ ಕಣ್ಗಾವಲಿನ ಮಾತು ಆಡುತ್ತಾರೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಚಾಕೊಲೇಟ್. ವಾರದ ರೇಷನ್ 30 ಗ್ರಾಂನಿಂದ 20ಕ್ಕೆ ಇಳಿಯುತ್ತದೆ. ಸ್ವಲ್ಪದರಲ್ಲೇ "20 ಗ್ರಾಂಗೆ ಏರಿಸಿದ್ದೇವೆ" ಎಂಬ ಸುದ್ದಿ ಬರುತ್ತದೆ. ಜನ ಧನ್ಯವಾದದ ಮೆರವಣಿಗೆ ಮಾಡುತ್ತಾರೆ. ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಹಾಗಂದರೆ ಜಗಳವೇ ಆಗುತ್ತದೆ, ಅಲ್ವಾ? ಅಲ್ಲಿ ಆಗುವುದಿಲ್ಲ. ಹಳೆಯ ಪತ್ರಿಕೆಗಳನ್ನೇ ತಿದ್ದಿ ಇಟ್ಟಿರುತ್ತಾರೆ. ಆ ತಿದ್ದುವ ಕೆಲಸ ಕಥಾನಾಯಕನದೇ.

ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ (1932) ಹೆದರಿಸುವ ಅಗತ್ಯವೇ ಅಷ್ಟಾಗಿ ಬರುವುದಿಲ್ಲ. ಬೇಜಾರಾದರೆ ಸೋಮ ಎಂಬ ಮಾತ್ರೆ ಇದೆ. ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ರಲ್ಲಿ (1953) ಪುಸ್ತಕ ಸುಡುತ್ತಾರೆ, ನಿಜ. ಆದರೆ ಅದಕ್ಕೂ ಮೊದಲೇ ಜನ ತಾವಾಗಿಯೇ ಓದು ಬಿಟ್ಟಿರುತ್ತಾರೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವವರು ಮಾರ್ಗರೆಟ್ ಆಟ್‌ವುಡ್. ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಬರೆಯುವಾಗ, ಇತಿಹಾಸದಲ್ಲಿ ಎಲ್ಲೂ ನಡೆಯದ ಯಾವುದನ್ನೂ ಸೇರಿಸಬಾರದು ಅಂತ ಅವರು ನಿಯಮ ಹಾಕಿಕೊಂಡಿದ್ದರು. ಅಂದರೆ ನಿಮ್ಮ ಕೆಂಪು ಧೂಳಿಗೆ ಅಡ್ಡಿಯಿಲ್ಲ. ಅದರ ಸುತ್ತ ಆಡಳಿತ ಕಟ್ಟಬೇಕು, ಅಷ್ಟೇ.

ಬಳ್ಳಾರಿಯಲ್ಲಿ ನಿಜಕ್ಕೂ ಏನಾಯಿತು ನೋಡಿ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ತಡವಾಗಿಯಾದರೂ ತಪ್ಪನ್ನು ತಪ್ಪು ಅಂತ ಬರೆದಿಡಲು ಒಂದು ಜಾಗ ಇತ್ತು. ನಿಮ್ಮ ಕಥೆಯಲ್ಲಿ ಆ ಜಾಗವನ್ನೇ ತೆಗೆದುಬಿಡಿ. ವರದಿ ಯಾವತ್ತೂ ಬಂದೇ ಇಲ್ಲ ಅನ್ನಿ. ಹಳೆಯ ಫೋಟೋಗಳಲ್ಲಿ ಗುಡ್ಡಗಳ ಹಸಿರು ತಿದ್ದಿಸಿ. ಶಾಲೆಯಲ್ಲಿ ಮಗು ಹಸಿರು ಎಲೆ ಬರೆದರೆ ಟೀಚರ್ ಮಾರ್ಕ್ಸ್ ಕಳೆಯಲಿ. ಹಸಿರು ನೆನಪಿರುವ ಅಜ್ಜಿಗೆ ಮರೆವಿನ ಕಾಯಿಲೆ ಅಂತ ಮನೆಯವರೇ ಮಾತ್ರೆ ಕೊಡಿಸಲಿ.

ಕೊನೆಯಲ್ಲಿ ನಾಯಕಿ ಗೆಲ್ಲಬೇಕಾ? ‘ವಿ’, ‘1984’ ಎರಡರಲ್ಲೂ ನಾಯಕ ಸೋಲುತ್ತಾನೆ. ಹಾಗಂತ ಗೆಲ್ಲಿಸಬಾರದು ಅಂತೇನಿಲ್ಲ. ಮೊದಲ ಪುಟದಲ್ಲೇ ಅವಳ ಕೈಗೆ ಬಂಡಾಯದ ಬಾವುಟ ಕೊಡಬೇಡಿ. ಒಂದಷ್ಟು ಪುಟಗಳವರೆಗೆ ಅವಳಿಗೂ ಎಲೆ ಕೆಂಪಗಿರುವುದೇ ಸರಿ ಅನ್ನಿಸಲಿ.