ಮಳೆ ಶುರುವಾದ ಕೂಡಲೇ ಫೈಬರ್ ಇಂಟರ್ನೆಟ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆ. ರಸ್ತೆಯಿಂದ ಮನೆವರೆಗೆ ಸುಮಾರು 400 ಮೀಟರ್ ಫೈಬರ್ ಕೇಬಲ್ಲನ್ನು ಸಿಲ್ವರ್ ಮರಗಳಿಗೆ ಕಟ್ಟಿ ಎಳೆದಿದ್ದಾರೆ. ಜೂನ್ ಬಂತೆಂದರೆ ಇಂಟರ್ನೆಟ್ ಹೋಗುತ್ತದೆ. ಗಾಜಿನ ಎಳೆಗೆ ಮಳೆ ಆಗಿಬರುವುದಿಲ್ಲವೇ? ನೆಲದಡಿ ಹಾಕಿಸಿದರೆ ಸರಿಹೋಗುತ್ತದಾ?

ಉತ್ತರ: ಗಾಜಿನೊಳಗೆ ಹೋಗುವುದು ಬೆಳಕು, ಕರೆಂಟಲ್ಲ. ಒದ್ದೆಯಾದರೆ ಶಾರ್ಟ್ ಆಗಲು ಅಲ್ಲೇನೂ ಇಲ್ಲ. ತೊಂದರೆ ಇರುವುದು ಕೇಬಲ್ ಬಾಗುವಲ್ಲಿ, ಮತ್ತೆ ಜಾಯಿಂಟ್ ಹಾಕಿದಲ್ಲಿ.

ಬೆಳಕು ಹರಿಯುವ ತಿರುಳು 9 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಎಳೆ ತೀರಾ ಬಾಗಿದರೆ ಆ ತಿರುವಿನಲ್ಲೇ ಬೆಳಕು ಸೋರಿಹೋಗುತ್ತದೆ. ಬೇಸಿಗೆಯಲ್ಲಿ ಮರಕ್ಕೆ ಬಿಗಿದ ಕೇಬಲ್ ಸುಮ್ನೆ ಇರುತ್ತದೆ. ಮಳೆಗಾಲದ ಗಾಳಿಗೆ ಮರ ತೂಗಿದಾಗ ಕಟ್ಟಿದ ತಂತಿ ಅದನ್ನು ಹಿಂಡುತ್ತದೆ, ಒದ್ದೆ ಕೊಂಬೆ ಮೇಲೆ ಬಿದ್ದು ಜಗ್ಗುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳು ಮರದ ಕೊಂಬೆ ಕಡಿಯುವಾಗ, ಕತ್ತಿ ತಾಗಿದ್ದರಂತೂ ಕೇಳಲೇಬೇಡಿ. (ಆಳುಗಳನ್ನು ಬೈಯಬೇಡಿ. ಮರಕ್ಕೆ ಕೇಬಲ್ ಕಟ್ಟಿದ್ದು ಅವರಲ್ಲ, ಅಲ್ವಾ?)

ಇನ್ನು ಜಾಯಿಂಟ್. ಸಕಲೇಶಪುರದ ನಮ್ಮಕ್ಕನ ಮನೆಯಲ್ಲಿ ಎರಡು ಸಲ ಮೋಡೆಮ್ ಬದಲಿಸಿದರು. ಕೊನೆಗೆ ಕಂಬದ ಮೇಲಿನ ಡಬ್ಬಿ ಬಿಚ್ಚಿದರೆ ಒಳಗೆ ಇರುವೆ ಗೂಡು, ಕೆಸರು ನೀರು. ಮುಚ್ಚಳದ ರಬ್ಬರ್ ಯಾವಾಗಲೋ ಬಿದ್ದುಹೋಗಿತ್ತು. ಬಿಗಿದು ನಿಂತ ಗಾಜಿಗೆ ತೇವ ತಾಗುತ್ತಲೇ ಇದ್ದರೆ ಕಣ್ಣಿಗೆ ಕಾಣದ ಬಿರುಕು ನಿಧಾನಕ್ಕೆ ಬೆಳೆಯುತ್ತದೆ. ಹಾಗಾಗಿ ಯಂತ್ರದಲ್ಲಿ ಕರಗಿಸಿ ಬೆಸೆದ ಜಾಯಿಂಟನ್ನೇ ಕೇಳಿ, ಒತ್ತಿ ಸಿಕ್ಕಿಸುವ ಕನೆಕ್ಟರ್ ಹೊರಗಡೆ ಬೇಡ.

ಲೈನ್‌ಮನ್ ಬಂದಾಗ ಅವರ ಪವರ್ ಮೀಟರಿನ (ಕೇಬಲ್ಲಿನಲ್ಲಿ ಬರುವ ಬೆಳಕನ್ನು ಅಳೆಯುವ ಸಾಧನ) ರೀಡಿಂಗ್ ಬರೆದಿಟ್ಟುಕೊಳ್ಳಿ. ಬಿಸಿಲಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ. ಅದು ತೋರಿಸುವ ಡಿಬಿಎಂ (ಬೆಳಕಿನ ಬಲದ ಅಳತೆ) ಮೈನಸ್ 20 ಇದ್ದದ್ದು ಮೈನಸ್ 23 ಆದರೆ ಅರ್ಧ ಬೆಳಕು ದಾರಿಯಲ್ಲೇ ಹೋಯಿತು ಎಂದರ್ಥ. ಮೈನಸ್ 27 ದಾಟಿದರೆ ಮೋಡೆಮ್‌ನ ಕೆಂಪು ದೀಪ ನೋಡುತ್ತಾ ಕೂರಬೇಕಾದೀತು.

ನೆಲದಡಿ? ದೊಡ್ಡ ಮಾರ್ಗದ ಕೇಬಲ್‌ಗೆ ನಮ್ಮಲ್ಲಿ ಸಾಮಾನ್ಯವಾಗಿ 1.65 ಮೀಟರ್ ಆಳ ತೋಡಿ, ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನೊಳಗೆ ಹಾಕುತ್ತಾರೆ. ತೋಟದಲ್ಲಿ ಅಷ್ಟು ಆಳ ಯಾರು ತೋಡುತ್ತಾರೆ? ಒಂದಡಿಗೇ ಹೂತರೆ ಕಾಡುಹಂದಿ ಕೆದಕುತ್ತದೆ, ಹೆಗ್ಗಣ ಕಡಿಯುತ್ತದೆ, ಮಳೆನೀರು ಇಂಗಲು ತೊಟ್ಟಿಲು ಗುಂಡಿ ತೆಗೆಯುವವರ ಗುದ್ದಲಿ ಬೀಳುತ್ತದೆ. ಮಣ್ಣಿನೊಳಗೆ ತುಂಡಾದದ್ದನ್ನು ಜುಲೈ ಮಳೆಯಲ್ಲಿ ಹುಡುಕುವ ಕಷ್ಟ ಬೇರೆ.

ನಾನಾದರೆ ತೋಟದ ದಾರಿಯ ಅಂಚಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಕಂಬ ನೆಡಿಸುತ್ತೇನೆ. ಖರ್ಚು ಒಮ್ಮೆ ಜಾಸ್ತಿ, ಆದರೆ ಕೇಬಲ್ ಎಲ್ಲಿ ಜಗ್ಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಜೀಪು ದಾಟುವ ಕಡೆ ಮಾತ್ರ ಪೈಪಿನಲ್ಲಿ ನೆಲದಡಿ, ಎರಡೂ ಬಾಯಿ ಮುಚ್ಚಿ. ಹೊರಗಿನ ಕೇಬಲ್ ಕಪ್ಪು ಹೊದಿಕೆಯದ್ದೇ ಆಗಿರಲಿ, ಬಿಸಿಲು ತಡೆಯುವುದು ಆ ಕಪ್ಪೇ.

ಸಿಡಿಲಿನ ಮಾತೂ ಇದೆ. ಗಾಜು ಸಿಡಿಲನ್ನು ಒಯ್ಯುವುದಿಲ್ಲ, ಆದರೆ ಕೇಬಲ್ ಜೊತೆಗಿರುವ ಉಕ್ಕಿನ ತಂತಿ ಒಯ್ಯುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಕೇಬಲ್ ಒಳಗೆ ಹೋಗುವ ತೂತಿಗಿಂತ ಸ್ವಲ್ಪ ಕೆಳಗೆ ಇಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೊನೆ ಕಂಬದಲ್ಲಿ ಹತ್ತು ಮೀಟರ್ ಕೇಬಲ್ಲನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿ ಇಡಿಸಿ. ಹುಡುಗರು "ವೇಸ್ಟ್ ಸಾರ್" ಅನ್ನುತ್ತಾರೆ. ಕೊಂಬೆ ಬಿದ್ದು ತುಂಡಾದ ದಿನ ಎಳೆದು ಬೆಸೆಯಲು ಅದೇ ಬೇಕು.